ಹತ್ತಕ್ಕೆ ಏಳೆಂಬ ಮುಲಾಜು

ನೋಡದ ಸಿನಿಮಾವನ್ನು ಹೊಗಳುವವರನ್ನು ನಾನು ಕಂಡಿದ್ದೇನೆ. ಓದದ ಪುಸ್ತಕವನ್ನು ವೇದಿಕೆ ಮೇಲೆ ನಿಂತು ಮುಕ್ಕಾಲು ಗಂಟೆ ಪರಿಚಯಿಸಿದವರೂ ಗೊತ್ತು. ಆದರೆ ಇನ್ನೂ ತಯಾರೇ ಆಗದ ಕ್ಲೈಮ್ಯಾಕ್ಸ್ ನೋಡಿ ಕಣ್ಣು ಒದ್ದೆ ಮಾಡಿಕೊಂಡವನು, ನನಗೆ ತಿಳಿದ ಮಟ್ಟಿಗೆ, ಒಬ್ಬನೇ.

ಅವನು ನನ್ನ ಅಣ್ಣನ ಮಗ.

ಹೆಸರು ಶರಣಬಸಪ್ಪ, ಮನೆಯಲ್ಲಿ ಶರಣು. ಯಾದಗಿರಿಯ ಒಂದು ಆಫೀಸಿನಲ್ಲಿ ಕಂಪ್ಯೂಟರ್ ಆಪರೇಟರ್. ಸಂಜೆಯಾದರೆ ವಿಡಿಯೊ ಗೇಮ್ ವಿಮರ್ಶಕ. ‘ಶರಣು ಖಡಕ್ ರಿವ್ಯೂ’ ಅಂತ ಒಂದು ಚಾನೆಲ್ ಇಟ್ಟಿದ್ದಾನೆ. ಹೆಡ್‌ಫೋನ್ ಏರಿಸಿಕೊಂಡು, ಹುಬ್ಬು ಗಂಟಿಕ್ಕಿ, ಜಗತ್ತಿನ ಗೇಮುಗಳ ಹಣೆಬರಹವನ್ನು ನಮ್ಮ ಭಾಷೆಯಲ್ಲಿ ಹೇಳುತ್ತಾನೆ. ಬಸ್ ಸ್ಟ್ಯಾಂಡಿನಲ್ಲಿ ಹುಡುಗರು ಅವನನ್ನು ಗುರುತು ಹಿಡಿಯುತ್ತಾರೆ. ಶಹಾಪುರದ ನಮ್ಮ ಶಾಲೆಯ ಮಕ್ಕಳು ನನ್ನನ್ನು ‘ಕನ್ನಡ ಮೇಡಂ’ ಅನ್ನುವುದು ಬಿಟ್ಟು ‘ಶರಣು ಅತ್ತಿ’ ಅನ್ನತೊಡಗಿದ್ದಾರೆ. (ಇಷ್ಟು ವರ್ಷ ಸಂಧಿ, ಸಮಾಸ ಕಲಿಸಿದ್ದಕ್ಕೆ ಸಿಕ್ಕ ಬಿರುದು.)

ಖಡಕ್ ಅನ್ನುವುದು ಚಾನೆಲ್ಲಿನ ಹೆಸರಿನಲ್ಲಿ ಮಾತ್ರ. ತೀರ್ಪು ಯಾವತ್ತೂ ಒಂದೇ. ಹತ್ತಕ್ಕೆ ಏಳು.

ರಾಕ್ಷಸರನ್ನು ಕೊಲ್ಲುವ ಗೇಮ್? ಏಳು. ಟ್ರ್ಯಾಕ್ಟರ್ ಓಡಿಸುವ ಗೇಮ್? ಏಳು. “ಗ್ರಾಫಿಕ್ಸ್ ಕಣ್ಣಿಗೆ ಹಬ್ಬ. ಕಥೆ ಇನ್ನೂ ಸ್ವಲ್ಪ ಬಿಗಿ ಇರಬೇಕಿತ್ತು. ಕ್ಲೈಮ್ಯಾಕ್ಸ್ ಕಣ್ಣು ಒದ್ದೆ ಮಾಡುತ್ತದೆ. ಒಮ್ಮೆ ಆಡಬಹುದು.” ಇದು ಅವನ ಮಂತ್ರ. ಕ್ರಿಕೆಟ್ ಗೇಮಿಗೂ ಇದನ್ನೇ ಹೇಳಿದ್ದ. ಕ್ರಿಕೆಟ್ಟಿನ ಕಥೆ ಇನ್ನೆಷ್ಟು ಬಿಗಿ ಇರಬೇಕಿತ್ತೋ ನನಗೆ ತಿಳಿಯಲಿಲ್ಲ.

ಒಮ್ಮೆ ಕೇಳಿದೆ. “ಅಲ್ಲೋ ಶರಣು, ಒಂದರಿಂದ ಆರರ ತನಕ ಅಂಕಿ ನಿನಗ ಯಾರೂ ಕಲಸಿಲ್ಲೇನು?”

“ಅತ್ತಿ, ನಿನಗ ತಿಳಿಯಂಗಿಲ್ಲ. ಎಂಟು ಕೊಟ್ರ ರೊಕ್ಕ ತಿಂದಾನ ಅಂತಾರ. ಆರು ಕೊಟ್ರ ಆ ಗೇಮಿನ ಅಭಿಮಾನಿಗಳು ನಮ್ಮವ್ವನ ಹೆಸರು ಹಿಡದು ಬೈತಾರ. ಏಳು ಅಂದ್ರ ಯಾರಿಗೂ ಸಿಟ್ಟು ಬರಂಗಿಲ್ಲ. ದೊಡ್ಡ ದೊಡ್ಡ ಇಂಗ್ಲಿಷ್ ವಿಮರ್ಶಕರೂ ಏಳೇ ಕೊಡ್ತಾರ, ನೋಡು ಬೇಕಾದ್ರ.”

ನೋಡಿದೆ. ಹುಡುಗ ಸುಳ್ಳು ಹೇಳಿರಲಿಲ್ಲ. ಬಹಳ ಒಳ್ಳೆಯ ಗೇಮಿಗೆ ವಿಮರ್ಶಕ ಬೇಕಿಲ್ಲ, ಜನ ತಾವೇ ಮುಗಿಬೀಳುತ್ತಾರೆ. ತೀರಾ ಕೆಟ್ಟದ್ದಕ್ಕೂ ಬೇಕಿಲ್ಲ, ಜನ ತಾವೇ ಓಡಿಹೋಗುತ್ತಾರೆ. ಇವೆರಡರ ನಡುವೆ ಇರುವ ಸಾಧಾರಣ ಗೇಮಿಗೇ ವಿಮರ್ಶಕ ಬೇಕಾದದ್ದು. ಎಲ್ಲಿ ಚೆನ್ನಾಗಿದೆ, ಎಲ್ಲಿಂದ ಕೆಟ್ಟಿತು ಅಂತ ಯಾರಾದರೂ ಕೂತು ಹೇಳಬೇಕು. ಅದಕ್ಕೇ ಯಾರೂ ಕೂರುವುದಿಲ್ಲ. ಏಳು ಅಂದು ಎದ್ದು ಹೋಗುತ್ತಾರೆ.

ಇರಲಿ, ಇದೆಲ್ಲ ದೊಡ್ಡ ಕಂಪನಿಗಳ ಪಾಡು, ನಮಗೇನು ಅಂದುಕೊಂಡು ಸುಮ್ಮನಿದ್ದೆ. ಸುಜಾತಾ ಮನೆಗೆ ಬರುವವರೆಗೆ.

ಸುಜಾತಾ ನನ್ನ ಹಳೆಯ ವಿದ್ಯಾರ್ಥಿನಿ. ಸುರಪುರಕ್ಕೆ ಅಂಟಿಕೊಂಡ ರಂಗಂಪೇಟೆಯ ಹುಡುಗಿ. ತಂದೆ ಮರೆಪ್ಪ ಒಂದು ಶಾಲೆಯ ಕಚೇರಿಯಲ್ಲಿ ಗುಮಾಸ್ತರು. ಕಂಪ್ಯೂಟರ್ ಡಿಗ್ರಿ ಮುಗಿಸಿದ ಮೇಲೆ ಈಕೆ ಬ್ಯಾಂಕ್ ಪರೀಕ್ಷೆಗೆ ಓದುತ್ತೇನೆಂದು ಹೇಳಿ ಮನೆಯಲ್ಲಿ ಕೂತು ಓದದೆ ಒಂದು ಮೊಬೈಲ್ ಗೇಮ್ ಮಾಡಿದ್ದಾಳೆ. ಹೆಸರು ‘ಟಂಟಂ’.

ಹೌದು, ನಾವು ನೀವು ಮೈ ಮುದುಡಿಕೊಂಡು ಕೂರುವ ಅದೇ ಮೂರು ಗಾಲಿಯ ಟಂಟಂ. ಶಹಾಪುರದಿಂದ ಪಕ್ಕದ ಗೋಗಿ ಊರಿಗೆ ಮಂದಿಯನ್ನು ತುಂಬಿಕೊಂಡು ಹೋಗಬೇಕು. ಒಬ್ಬರು ಹತ್ತಿದಂತೆ ಒಳಗಿನವರು “ಜರಾ ಸರೀರಿ” ಅನ್ನುತ್ತಾರೆ. ಕೋಳಿ ಹಿಡಿದ ಮುದುಕಿಯೊಬ್ಬಳು ಹತ್ತುತ್ತಾಳೆ. ಒಬ್ಬ ಹೊಲದ ನಡುವೆ “ಇಲ್ಲೇ ಇಳೀತೀನಿ” ಅನ್ನುತ್ತಾನೆ. ಎದುರು ಎಮ್ಮೆ, ಕೆಳಗೆ ತಗ್ಗು. ನಾನೂ ಆಡಿದೆ. ಮೊದಲ ತಿರುವಿನಲ್ಲೇ ಗಾಡಿ ಪಲ್ಟಿ ಹೊಡೆದು ಮುದುಕಿ, ಕೋಳಿ ಎಲ್ಲ ಜೋಳದ ಹೊಲ ಸೇರಿದರು. ನಕ್ಕೂ ನಕ್ಕೂ ಸಾಕಾಯಿತು.

“ನಗೋದು ಸರಿ ಮೇಡಂ, ಚಲೋ ಅದನೋ ಇಲ್ಲೋ?” ಅಂದಳು ಸುಜಾತಾ.

“ನನಗೆ ಮೊದಲ ತಿರುವೇ ದಾಟಲಿಕ್ಕೆ ಆಗಲಿಲ್ಲವ್ವ, ನಾನೇನು ಹೇಳಲಿ?”

“ಎಲ್ಲಾರೂ ಹಿಂಗೇ. ‘ಭಾಳ ಚಲೋ ಅದವ್ವ’ ಅಂತಾರ, ಮೊಬೈಲ್ ವಾಪಸ್ ಕೊಡ್ತಾರ. ನಡುವೆ ಎಲ್ಲೋ ಕೆಟ್ಟದ ಅಂತ ನನಗ ಅನಸ್ತದ. ಎಲ್ಲಿ ಅಂತ ತಿಳಿಯಾಕತ್ತಿಲ್ಲ. ನಾನೇ ಮಾಡಿದ್ದು, ನನ್ನ ಕಣ್ಣಿಗಿ ಕಾಣವಲ್ದು. ಈ ಸೋಮವಾರ ಬಿಟ್ಟು ಮುಂದಿನ ಸೋಮವಾರ ಪ್ಲೇ ಸ್ಟೋರಿಗಿ ಬಿಡಬೇಕು ಅಂತೀನಿ. ಮಂದಿ ಒಂದ್ ಸಲ ಇಳಿಸ್ಕೊಂಡು, ಬ್ಯಾಸರಾಗಿ ತೆಗದ್ ಒಗದ್ರ ಮತ್ತ ಆ ಕಡಿ ತಿರುಗಿ ನೋಡಂಗಿಲ್ಲರಿ.”

ಇದರ ಹಿಂದೆ ಇನ್ನೊಂದು ಮಾತಿತ್ತು. ಮರೆಪ್ಪನವರು ಮಗಳೊಂದಿಗೆ ಒಪ್ಪಂದ ಮಾಡಿಕೊಂಡಿದ್ದರು: ಒಂದು ಸಲ ಬಿಡು, ನಡೆದರೆ ಸೈ. ನಡೆಯದಿದ್ದರೆ ಕಂಪ್ಯೂಟರ್ ಮುಚ್ಚಿಟ್ಟು ಕಲಬುರಗಿಗೆ ಕೋಚಿಂಗಿಗೆ ಹೋಗಬೇಕು. ಅಂದರೆ ಇರುವುದು ಒಂದೇ ಬಾಲು, ಹೊಡೆದರೆ ಹೊಡೆದಂತೆ.

“ನಿಮ್ಮ ಅಳಿಯಗ ಹೇಳ್ರಿ ಮೇಡಂ. ಖಡಕ್ ಆಗಿ ಹೇಳ್ತಾರಲ್ಲ, ಅವರು ಆಡಿ ಖರೇ ಹೇಳಿಬಿಡ್ಲಿ.”

(ಪಾಪದ ಹುಡುಗಿ, ಚಾನೆಲ್ಲಿನ ಹೆಸರು ನಂಬಿದ್ದಳು.)

ಭಾನುವಾರ ಶರಣುನನ್ನು ಕರೆದುಕೊಂಡು ನಾನೇ ರಂಗಂಪೇಟೆಗೆ ಹೋದೆ. ಒಂದು ಮೊಬೈಲಿನಲ್ಲಿ ಅರ್ಧ ಗಂಟೆ ಆಡಿ ಬರುವ ಕೆಲಸ ಅಂದುಕೊಂಡಿದ್ದೆ. ನಮ್ಮ ಕಡೆಯ ಮನೆಗಳನ್ನು ಮರೆತಿದ್ದೆನೇನೋ.

ಬಾಗಿಲಲ್ಲೇ ಕಾಲಿಗೆ ನೀರು ಬಂತು. ಒಳಗೆ ಹೋದರೆ ಪಡಸಾಲೆಯಲ್ಲಿ ಓಣಿಯ ಅರ್ಧ ಮಂದಿ. ಮರೆಪ್ಪನವರು ಇಸ್ತ್ರಿ ಶರ್ಟಿನಲ್ಲಿ ನಿಂತಿದ್ದರು, ಕೈಯಲ್ಲಿ ಶಾಲು ಮತ್ತು ಮಾಲೆ. “ವಿಮರ್ಶಕರು ನಮ್ಮ ಮನಿ ತನಕ ಬರೋದಂದ್ರ ಸಣ್ಣ ಮಾತೇನ್ರಿ?” ಅಂದವರೇ ಶರಣುಗೆ ಶಾಲು ಹೊದಿಸಿದರು. ಮಾಲೆ ಬಿತ್ತು. ಚಪ್ಪಾಳೆ ಬಿತ್ತು. ಹಣ್ಣಿನ ಬುಟ್ಟಿ ಮಡಿಲು ಸೇರಿತು. ಗೋಡೆಯ ಮೇಲಿನ ಬುದ್ಧನ ಫೋಟೊ ಒಂದೇ ಯಾವ ಅಭಿಪ್ರಾಯವನ್ನೂ ಹೇಳದೆ ತಣ್ಣಗಿತ್ತು.

ನಮ್ಮಲ್ಲಿ ಹೀಗೇ ಅಲ್ಲವೇ? ಮೊದಲು ಸನ್ಮಾನ, ಆಮೇಲೆ ಮಾತು. ಶಾಲು ಹೊದ್ದವನು ಶಾಲು ಹೊದಿಸಿದವರ ಬಗ್ಗೆ ಏನು ಮಾತಾಡಿಯಾನು?

ಶರಣು ಮಾಲೆ ಸರಿಸಿ ಆಡಲು ಕೂತ. ಮೊದಲ ಸ್ಟೇಜ್ ಮುಗಿಸಿದ. ನಗುತ್ತಿದ್ದ. ಎರಡನೆಯದು ಮುಗಿಯಿತು. ಮೂರನೆಯದರ ನಡುವೆ ಒಳಗಿನಿಂದ ಸುಜಾತಾಳ ಅವ್ವ ಭೀಮವ್ವನ ದನಿ ಬಂತು. “ಬಿಸಿ ಬಿಸಿ ಅದಾವು, ಏಳ್ರಿ. ಆಟ ಎಲ್ಲಿಗಿ ಹೋಗ್ತದ?”

ಆಟ ಅಲ್ಲಿಗೇ ನಿಂತಿತು. ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಪುಂಡಿ ಪಲ್ಯ, ಅದರ ಮೇಲೆ ಶೇಂಗಾ ಹೋಳಿಗೆ, ಹೋಳಿಗೆಯ ಮೇಲೆ ತುಪ್ಪ. ಸಾಕು ಅಂದರೆ ಇನ್ನೊಂದು. ಬೇಡ ಅಂತ ಎಲೆಗೆ ಕೈ ಅಡ್ಡ ಹಿಡಿದರೆ ಕೈಯ ಮೇಲೇ ಇನ್ನೊಂದು. ಊಟ ಮುಗಿಯುವ ಹೊತ್ತಿಗೆ ವಿಮರ್ಶಕರು ಗೋಡೆಗೆ ಒರಗಿದ್ದರು. ಸುಜಾತಾ ಮೊಬೈಲ್ ಹಿಡಿದು ಎದುರು ನಿಂತಳು. “ಅಣ್ಣಾರ, ನಾಕನೇ ಸ್ಟೇಜು?”

“ಫೈಲ್ ಕಳಿಸವ್ವ, ಮನ್ಯಾಗ ಆರಾಮ ಆಡಿ ಹೇಳ್ತೀನಿ” ಅಂದ ಶರಣು, ತೇಗುತ್ತ.

ನನಗೆ ಅಲ್ಲೇ ಅನುಮಾನ ಬಂದಿತ್ತು. ಆದರೆ ನನ್ನ ಕೈಯಲ್ಲೂ ಹೋಳಿಗೆ ಕಟ್ಟಿಕೊಟ್ಟ ಡಬ್ಬಿ ಇತ್ತು, ಬಾಯಿ ಬಿಡಲಿಲ್ಲ.

ಎರಡು ದಿನ ಬಿಟ್ಟು ರಿವ್ಯೂ ಬಂತು. ನೀವು ಊಹಿಸಿದ್ದೇ. ‘ಮಣ್ಣಿನ ಸೊಗಡು’ ಅನ್ನುವ ಒಂದು ಮಾತು ಹೊಸದಾಗಿ ಸೇರಿತ್ತು. ಮಿಕ್ಕಿದ್ದೆಲ್ಲ ಮಾಮೂಲು. ಗ್ರಾಫಿಕ್ಸ್ ಕಣ್ಣಿಗೆ ಹಬ್ಬ, ಭರವಸೆ ಮೂಡಿಸುವ ಪ್ರಯತ್ನ, ಕ್ಲೈಮ್ಯಾಕ್ಸ್ ಕಣ್ಣು ಒದ್ದೆ ಮಾಡುತ್ತದೆ, ಒಮ್ಮೆ ಆಡಬಹುದು. ಹತ್ತಕ್ಕೆ ಏಳು.

ರಂಗಂಪೇಟೆಯಲ್ಲಿ ಹಬ್ಬವಾಯಿತು. ಮರೆಪ್ಪನವರು ಶಾಲೆಯ ಕಚೇರಿಯವರು. ಅವರಿಗೆ ಹತ್ತಕ್ಕೆ ಏಳು ಅಂದರೆ ನೂರಕ್ಕೆ ಎಪ್ಪತ್ತು, ನೂರಕ್ಕೆ ಎಪ್ಪತ್ತು ಅಂದರೆ ಫಸ್ಟ್ ಕ್ಲಾಸ್. ಓಣಿಗೆಲ್ಲ ಪೇಡೆ ಹಂಚಿದರು. ನನಗೂ ಫೋನ್ ಬಂತು. “ಮೇಡಂರಿ, ಡಿಸ್ಟಿಂಕ್ಷನ್ ಜರಾದ್ರಾಗ ತಪ್ಪೇದ. ಇರ್ಲಿ ಬಿಡ್ರಿ, ಮೊದಲ್ನೇ ಸಲ.”

ಗೇಮ್ ಲೋಕದಲ್ಲಿ ಏಳು ಅಂದರೆ ‘ಹೋಗಲಿ ಬಿಡು’ ಅಂತ ಅರ್ಥ, ಅಲ್ಲಿ ಏಳರ ಕೆಳಗೆ ನೆಲವೇ ಇಲ್ಲ ಅಂತ ಆ ಮನುಷ್ಯನಿಗೆ ಯಾವ ಬಾಯಿಂದ ಹೇಳಲಿ?

ಅದೇ ಸಂಜೆ ಸುಜಾತಾ ಬಂದಳು. ಮುಖ ಕೆಂಪಾಗಿತ್ತು. ಖುಷಿಯಿಂದ ಇರಬೇಕು ಅಂದುಕೊಂಡೆ.

“ಮೇಡಂ, ಕ್ಲೈಮ್ಯಾಕ್ಸ್ ನೋಡಿ ಕಣ್ಣು ಒದ್ದಿ ಆತಂತ.”

“ಹೌದಲ್ಲವ್ವ, ಒಳ್ಳೆಯದೇ ಅಲ್ಲ?”

“ಕ್ಲೈಮ್ಯಾಕ್ಸ್ ಎಲ್ಲಿ ಅದರಿ? ನಾ ಇನ್ನೂ ಮಾಡೇ ಇಲ್ಲ. ಕಡೀಗಿ ಗೋಗಿ ಮುಟ್ಟಿದ ಕೂಡ್ಲೇ ಗಾಡಿ ನಿಂತು ಸ್ಕ್ರೀನ್ ಕರ್ರಗ ಆಗ್ತದ. ಏನ್ ಇಡಬೇಕು ಅಂತ ಹೊಳೀಲಾರದ ಖಾಲಿ ಬಿಟ್ಟೀನಿ.”

ನಾನು ನಕ್ಕುಬಿಟ್ಟೆ. ತಡೆಯಲಾಗಲಿಲ್ಲ. ಆದರೆ ಅವಳ ಕಣ್ಣಲ್ಲಿ ನೀರು ತುಂಬಿದ್ದು ಕಂಡು ನಗು ಗಂಟಲಲ್ಲೇ ಸತ್ತಿತು. ಶರಣು ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಅವನ ಒಂದು ಸೋಮಾರಿ ಸಾಲು ಈ ಹುಡುಗಿಯ ಕೈಯಲ್ಲಿದ್ದ ಒಂದೇ ಬಾಲನ್ನು ಹಾಳು ಮಾಡಲಿತ್ತು. ಅಪ್ಪ ಆಗಲೇ ಸೋಮವಾರಕ್ಕೆ ಮಂದಿ ಕರೆದಿದ್ದರು. ಫಸ್ಟ್ ಕ್ಲಾಸ್ ಬಂದ ಮೇಲೆ ತಡ ಯಾಕೆ?

ಅಲ್ಲೇ ಫೋನ್ ಹಚ್ಚಿದೆ. “ಏನಪ್ಪಾ ಶರಣು, ಇಲ್ಲದ ಕ್ಲೈಮ್ಯಾಕ್ಸಿಗೆ ಅಳೋದು ಯಾವ ಕಾಲೇಜಿನ್ಯಾಗ ಕಲಸ್ತಾರ?”

ಆ ಕಡೆಯಿಂದ ಸಣ್ಣ ದನಿ. “ಅತ್ತಿ, ಎಲ್ಲಾ ಗೇಮಿಗೂ ಅದೇ ಸಾಲು ಹಾಕ್ತೀನಿ. ಇಷ್ಟ್ ವರ್ಷದಾಗ ಯಾರೂ ಹಿಡದಿದ್ದಿಲ್ಲ.”

“ಆಡಲಾರದ ಏಳು ಯಾಕ ಕೊಟ್ಟಿ?”

“ಮತ್ತೇನ್ ಮಾಡ್ಲಿ? ಶಾಲ್ ಹಾಕ್ಯಾರ, ಹೋಳಿಗಿ ಉಣಿಸ್ಯಾರ. ಉಂಡ ಮನಿಗಿ ಎರಡು ಬಗೀಬೇಕೇನು?”

ನೋಡಿ, ಗಾದೆ ಎಲ್ಲಿ ಬಂದು ಕೂತಿತು! ದೊಡ್ಡ ಕಂಪನಿಗಳು ವಿಮರ್ಶಕರನ್ನು ರೆಸಾರ್ಟಿಗೆ ಕರೆದೊಯ್ದು ಉಣಿಸುತ್ತವಂತೆ, ಅದು ಲಂಚ ಅಂತ ಇವನೇ ಒಂದು ವಿಡಿಯೊದಲ್ಲಿ ಗುಡುಗಿದ್ದ. ಭೀಮವ್ವನ ಹೋಳಿಗೆಯಲ್ಲಿ ಲಂಚದ ವಾಸನೆಯೂ ಇರಲಿಲ್ಲ. ಬರೀ ಪ್ರೀತಿ ಇತ್ತು. ಅದಕ್ಕೇ ಅದು ರೆಸಾರ್ಟಿಗಿಂತ ಗಟ್ಟಿಯಾಗಿ ಬಾಯಿ ಕಟ್ಟಿತು.

ಸುಜಾತಾ ನನ್ನ ಕೈಯಿಂದ ಫೋನ್ ಕಸಿದುಕೊಂಡಳು. “ಅಣ್ಣಾರ, ಶನಿವಾರ ಮತ್ತ ಬರ್ರಿ. ಈ ಸಲ ಶಾಲಿಲ್ಲ, ಊಟಿಲ್ಲ, ಚಹಾನೂ ಇಲ್ಲ. ಕಡೀ ತನಕ ಆಡಿ, ಬಾಯಿಗಿ ಬಂದದ್ದು ಹೇಳಿ ಹೋಗ್ರಿ.”

ಶನಿವಾರ ಹೋದೆವು. ಹೇಳುವುದು ಸುಲಭ, ಮಾಡುವುದು ಕಷ್ಟ. ಮನೆಗೆ ಬಂದವರಿಗೆ ಚಹಾ ಕೊಡದೆ ಕೂರಿಸುವುದು! ಭೀಮವ್ವನ ಸಂಕಟ ನೋಡಲಾಗಲಿಲ್ಲ. ಅಡುಗೆಮನೆ ಬಾಗಿಲಲ್ಲಿ ಸೆರಗು ಹಿಂಡುತ್ತ ನಿಂತಿದ್ದರು. “ಮೇಡಂರಿ, ಒಣ ಬಾಯಿಲೆ ಕುಂದ್ರಸೋದಂದ್ರ ಏನ್ರಿ ಇದು? ವೈರಿ ಬಂದ್ರೂ ನಾವು ಹಿಂಗ ಮಾಡಿದವರಲ್ಲ. ಅರ್ಧ ಕಪ್ ಕೊಡ್ತೀನಿ, ಆಕಿಗಿ ಹೇಳಬ್ಯಾಡ್ರಿ.”

“ಅವ್ವಾ!” ಅಂದಳು ಸುಜಾತಾ, ಕಣ್ಣು ಶರಣು ಮೇಲಿಂದ ತೆಗೆಯದೆ.

ಸ್ವಲ್ಪ ಹೊತ್ತಿಗೆ ಒಂದು ತಟ್ಟೆ ಚುರುಮುರಿ ಮೆಲ್ಲಗೆ ನನ್ನ ಬೆನ್ನ ಹಿಂದಿನಿಂದ ಹರಿದು ಬಂತು. ಅದನ್ನೂ ಹಿಡಿದು ವಾಪಸ್ ಕಳಿಸಿದಳು. ಮರೆಪ್ಪನವರು ಆ ಹೊತ್ತಿಗೆ ಶಾಲೆಯಲ್ಲಿದ್ದರು, ಪುಣ್ಯ.

ಶರಣು ಆಡಿದ. ಮೊದಲ ಮೂರು ಸ್ಟೇಜಿನಲ್ಲಿ ನಿಜವಾಗಿ ನಕ್ಕ. ಕೋಳಿ ಹಾರಿ ಡ್ರೈವರನ ತಲೆಯ ಮೇಲೆ ಕೂತಾಗ ತೊಡೆ ತಟ್ಟಿಕೊಂಡ. ನಾಲ್ಕನೆಯದಕ್ಕೆ ನಗು ನಿಂತಿತು. ಐದನೆಯದಕ್ಕೆ ಆಕಳಿಸಿದ. ಆರನೆಯದಕ್ಕೆ ಬೆವರು ಒರೆಸಿಕೊಂಡ, ಅಡುಗೆಮನೆ ಕಡೆ ಆಸೆಯಿಂದ ನೋಡಿದ. ಒಳಗೆ ಯಾರೂ ರೊಟ್ಟಿ ಬಡಿಯುತ್ತಿರಲಿಲ್ಲ. ಮತ್ತೆ ಆಡಿದ. ಸ್ಕ್ರೀನ್ ಕಪ್ಪಾಯಿತು.

“ಇದೇನ್ ಹಚ್ಚೀದಿ ತಂಗಿ?” ಅಂದ. ಹಸಿದ ಹೊಟ್ಟೆಯ ದನಿ ಅದು. “ನಾಕನೇದರಿಂದ ಅದೇ ರಸ್ತಾ, ಅದೇ ಮುದುಕಿ, ಅದೇ ಕೋಳಿ. ಐದನೇದ್ರಾಗ ಗಾಡಿ ಎಮ್ಮಿ ಹೊಟ್ಟ್ಯಾಗ ಹಾದು ಆ ಕಡಿ ಹೋತು, ಎಮ್ಮಿಗಿ ಖಬರೇ ಇಲ್ಲ! ಇಷ್ಟೆಲ್ಲಾ ಬಡಕೊಂಡು ಗೋಗಿ ಮುಟ್ಟಿದ್ರ ಕರೆಂಟ್ ಹೋದಂಗ ಕತ್ತಲ. ಯಾರರ ಯಾಕ ಆಡಬೇಕು ಇದನ್ನ?”

ಭೀಮವ್ವ ಬಾಯಿಗೆ ಸೆರಗು ಹಿಡಿದರು.

ಸುಜಾತಾ ಮುಂದೆ ಸರಿದು ಕೂತಳು. “ಬ್ಯಾಸರ ಯಾವಾಗಿಂದ ಬಂತು? ಮುದುಕಿ ಮತ್ತ ಬಂದಾಗೋ, ರಸ್ತಾ ಮತ್ತ ಬಂದಾಗೋ?”

“ರಸ್ತಾ ಬಂದ್ರ ಬರ್ಲಿ. ಗೋಗಿಗಿ ದಿನಾ ಹೋಗವರು ದಿನಾ ಅದೇ ರಸ್ತಾದಾಗ ಹೋಗ್ತಾರ. ಆದ್ರ ಮುದುಕಿ ನನ್ನ ಗುರುತು ಹಿಡೀಬೇಕಿಲ್ಲೇನು? ನಿನ್ನಿ ಕುಂತು ಬಂದಾಕಿ ಇವತ್ತು ‘ನೀ ಯಾರಪ್ಪಾ’ ಅಂದಂಗ ಕುಂದ್ರತಾಳ.”

ಸುಜಾತಾಳ ಮುಖ ಅರಳಿತು. ಆ ಏಳು ಬಂದ ದಿನ ಅಳುತ್ತ ಬಂದಿದ್ದ ಹುಡುಗಿ ಈಗ ಬೈಸಿಕೊಂಡು ನಗುತ್ತಿದ್ದಳು. ಇಬ್ಬರೂ ಮೊಬೈಲಿನ ಮೇಲೆ ಬಗ್ಗಿದರು. ಮುದುಕಿ ಏನು ಅನ್ನಬೇಕು, ಎಲ್ಲಿ ಸಿಟ್ಟಾಗಬೇಕು, ಯಾವ ದಿನ ಬರದೇ ಇರಬೇಕು. ಜಗಳವಾಡಿದರು. ನಾನು ಎಷ್ಟೋ ಪುಸ್ತಕ ಬಿಡುಗಡೆಗೆ ಹೋಗಿದ್ದೇನೆ. ಅಲ್ಲೆಲ್ಲೂ ಒಂದು ಕೃತಿಯ ಬಗ್ಗೆ ಇಷ್ಟು ಕಾಳಜಿಯ ಮಾತು ಕೇಳಿರಲಿಲ್ಲ.

“ಈಗ ಎಷ್ಟು ಕೊಡ್ತೀರಿ?” ಅಂದಳು.

ಶರಣು ಅಭ್ಯಾಸಬಲದಿಂದ “ಏ...” ಅಂದವನು ನನ್ನ ಮುಖ ನೋಡಿ ನುಂಗಿಕೊಂಡ. “ನಾಕು. ಅವೂ ಮೊದಲಿನ ಮೂರು ಸ್ಟೇಜಿಗಿ.”

“ಚಾನೆಲ್ಲಿಗಿ ಹಾಕ್ರಿ.”

“ಹುಚ್ಚೇನು? ನಿಮ್ಮ ಓಣಿಯವರು ನನ್ನ ಬಡೀತಾರ.”

“ಹಾಕ್ರಿ. ಯಾರು ಬಡೀತಾರ ನಾ ನೋಡ್ತೀನಿ.”

ಬಾಗಿಲಲ್ಲಿ ಚಪ್ಪಲಿ ಸದ್ದಾಯಿತು. ಮರೆಪ್ಪನವರು ಶಾಲೆಯಿಂದ ಬಂದಿದ್ದರು, ಕೊನೆಯ ಮಾತೆಲ್ಲ ಕೇಳಿಸಿಕೊಂಡೇ ಒಳಗೆ ಬಂದರು. ಮೊದಲು ಮಗಳನ್ನು ನೋಡಿದರು, ಆಮೇಲೆ ಶರಣುನನ್ನು, ಕೊನೆಗೆ ನನ್ನನ್ನು.

“ಮೇಡಂರಿ, ಏನಿದು? ಮೊನ್ನಿ ಫಸ್ಟ್ ಕ್ಲಾಸ್ ಇದ್ದದ್ದು ಇವತ್ತು ಥರ್ಡ್ ಕ್ಲಾಸ್ ಹೆಂಗಾತು? ರೀವ್ಯಾಲ್ಯುಯೇಶನ್‌ದಾಗ ಮಾರ್ಕ್ಸ್ ಹೆಚ್ಚಾಗೋದು ನೋಡೀನಿ. ಹಿಂಗ ಇಳಿಯೋದು ನಮ್ಮ ಆಫೀಸಿನ್ಯಾಗ ನೋಡಿಲ್ಲ.”

ಯಾರೂ ನಗಲಿಲ್ಲ. ಅವರ ದನಿ ನಡುಗುತ್ತಿತ್ತು.

“ಅಪ್ಪಾ, ಸೋಮವಾರ ಬಿಡಂಗಿಲ್ಲ” ಅಂದಳು ಸುಜಾತಾ.

“ಮಂದಿಗಿ ಹೇಳೀನಿ. ಪೇಡೆ ಹಂಚೀನಿ. ನನ್ನ ಇಜ್ಜತ್ ಏನಾಗಬೇಕು? ನಾಕು ಅಂತ ಊರಿಗೆಲ್ಲಾ ಸಾರಸ್ತೀಯೇನು? ಸೋಮವಾರ ಬಿಡು, ಇಲ್ಲಂದ್ರ ಕೋಚಿಂಗಿಗಿ ಹೋಗು. ಮಾತಾಗಿತ್ತು.”

“ಒಂದ್ ಸಲ ಬಿಡೋದು ಅಂತ ಮಾತಾಗಿತ್ತು. ಈ ಸೋಮವಾರಾನೇ ಬಿಡಬೇಕು ಅಂತ ಆಗಿದ್ದಿಲ್ಲ. ಕೆಟ್ಟದ ಅಂತ ತಿಳದ ಮ್ಯಾಲ ಬಿಡ್ಲೇನು?”

“ಇವರೇ ಏಳು ಕೊಟ್ಟಾರಲ್ಲ! ಏಳು ಬ್ಯಾಡ, ನಾಕು ಬೇಕು ಅನ್ನಾಕಿ ನಿನ್ನಂಥಾಕಿನ್ನ ನಾ ಎಲ್ಲೂ ನೋಡಿಲ್ಲ.”

ಸುಜಾತಾ ಅಪ್ಪನ ಕೈ ಹಿಡಿದಳು. ದನಿ ಎತ್ತಲಿಲ್ಲ.

“ಅಪ್ಪಾ, ಆ ಏಳು ಅವ್ವನ ಹೋಳಿಗಿಗಿ ಬಂದಾವು. ನಾಕು ನನಗ ಬಂದಾವು.”

ಮರೆಪ್ಪನವರು ಅಂಗಿ ಕಳಚಿ ಗೂಟಕ್ಕೆ ಹಾಕಿ, ಮಗಳ ಪಕ್ಕ ಕೂತು ಮೊಬೈಲ್ ಕೈಗೆ ತೆಗೆದುಕೊಂಡರು. “ಎಲ್ಲಿ, ನಾಕನೇ ಸ್ಟೇಜ್ ತೋರ್ಸು” ಅಂದರು. ಅಷ್ಟು ಪೇಡೆ ಹಂಚಿದ ಮನುಷ್ಯ ಗೇಮ್ ಆಡಿದ್ದು ಅದೇ ಮೊದಲು.

ಸೋಮವಾರ ಟಂಟಂ ಹೊರಡಲಿಲ್ಲ. ಯಾವಾಗ ಹೊರಡುತ್ತದೋ ಗೊತ್ತಿಲ್ಲ, ಕೋಚಿಂಗಿನ ಮಾತನ್ನು ಮಾತ್ರ ಆ ಮನೆಯಲ್ಲಿ ಸದ್ಯ ಯಾರೂ ಎತ್ತುತ್ತಿಲ್ಲ. ಶರಣು ನಾಲ್ಕನ್ನು ಚಾನೆಲ್ಲಿಗೆ ಹಾಕಿದ. ಬೈಗುಳ ಬಂದವು, ಅವನ ಅವ್ವನ ಹೆಸರೂ ಬಂತು. ಅವನಿಗೆ ಬೇಜಾರಾಗಿದೆ, ಆದರೆ ಈಗ ಗೇಮುಗಳನ್ನು ಕೊನೆಯ ತನಕ ಆಡುತ್ತಿದ್ದಾನೆ ಅಂತ ಅತ್ತಿಗೆ ದೂರುತ್ತಾಳೆ.

ನಾನು ಮಾತ್ರ ಅವತ್ತಿನಿಂದ ನನಗೆ ಬಂದ ಶಾಲು, ಹಾರ, ‘ಬಹಳ ಚೆನ್ನಾಗಿ ಬರೀತೀರಿ ಮೇಡಂ’ಗಳನ್ನೆಲ್ಲ ಅನುಮಾನದಿಂದ ನೋಡತೊಡಗಿದ್ದೇನೆ. ನೀವೂ ಒಮ್ಮೆ ನೋಡಿಕೊಳ್ಳಿ.

ನಿಮಗೆ ಬಂದ ಏಳರಲ್ಲಿ ನಿಮ್ಮದು ಎಷ್ಟು?